ಜಗಲಿಯಿಂದ ಕಾಣದ ಲಾರಿ

ಮಲೆನಾಡಿಗೆ ಸೈಕಲ್ಲು ಹೇಗೆ ಬಂತು ಎಂದು ಕೇಳಿದರೆ ಕನ್ನಡದ ಓದುಗರು ತಟ್ಟನೆ ಉತ್ತರ ಹೇಳುತ್ತಾರೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಪಾದ್ರಿ ಜೀವರತ್ನಯ್ಯನ ಜೊತೆ ಬಂದ ಆ ಎರಡು ಗಾಲಿಯ ವಿಚಿತ್ರ ಊರವರ ಬಾಯಲ್ಲಿ ‘ಬೀಸೆಕಲ್ಲು’ ಆದದ್ದನ್ನೂ ಬೆಟ್ಟಳ್ಳಿ ದೇವಯ್ಯ ಅದರ ಮೋಹಕ್ಕೆ ಬಿದ್ದದ್ದನ್ನೂ ಓದಿದವರು ಮರೆಯುವುದಿಲ್ಲ. ಅದೇ ಮಲೆನಾಡಿಗೆ ಲಾರಿ ಹೇಗೆ ಬಂತು ಎಂದು ಕೇಳಿ ನೋಡಿ. ಯಾರಿಗೂ ಒಂದು ಪುಟ ನೆನಪಾಗುವುದಿಲ್ಲ. ಸೈಕಲ್ಲು ಈ ಸೀಮೆಯ ಬದುಕಿನಲ್ಲಿ ತಂದ ಬದಲಾವಣೆ ದೊಡ್ಡದೋ, ಲಾರಿ ತಂದದ್ದು ದೊಡ್ಡದೋ ಎಂದು ತೂಗಿದರೆ ತಕ್ಕಡಿ ಯಾವ ಕಡೆ ವಾಲುತ್ತದೆ ಎನ್ನುವುದರಲ್ಲಿ ಅನುಮಾನವಿಲ್ಲ. ಆದರೂ ಸಾಹಿತ್ಯದಲ್ಲಿ ಸೈಕಲ್ಲಿಗೆ ಸಿಕ್ಕ ಜಾಗ ಲಾರಿಗೆ ಸಿಗಲಿಲ್ಲ. ಈ ಲೇಖನದಲ್ಲಿ ನಾನು ಕೇಳಿಕೊಳ್ಳುತ್ತಿರುವುದು ಇಷ್ಟೇ: ಯಾಕೆ ಸಿಗಲಿಲ್ಲ? ಸಿಗದೆ ಹೋದದ್ದರಿಂದ ನಾವು ಕಳೆದುಕೊಂಡದ್ದೇನು?

ಮೊದಲು ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲೂಕುಗಳಲ್ಲಿ ಲಾರಿ ಏನೇನು ಹೊತ್ತಿದೆ ಎಂದು ನೋಡೋಣ. ಕಾಡಿನಿಂದ ನಾಟಾ ಹೊತ್ತಿದೆ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆ 1980ರಲ್ಲಿ ಸರ್ಕಾರ ನಲವತ್ತು ವರ್ಷದ ಗುತ್ತಿಗೆಗೆ ಅರಣ್ಯಭೂಮಿ ಕೊಟ್ಟ ಮೇಲೆ ಈ ಗುಡ್ಡಗಳ ತುಂಬ ಅಕೇಶಿಯಾ, ನೀಲಗಿರಿ ಎದ್ದವು. ಆ ತುಂಡುಗಳನ್ನು ಕಟ್ಟಿಗೆಯಂತೆ ಒಟ್ಟಿಕೊಂಡು ಲಾರಿಗಳು ಭದ್ರಾವತಿಗೆ ಹೋದವು. ಅಲ್ಲಿ ಅದು ಬರೆಯುವ ಕಾಗದವಾಯಿತು, ಪತ್ರಿಕೆಯ ಕಾಗದವಾಯಿತು. ಮಲೆನಾಡಿನ ಕಥೆಗಳನ್ನು ನಾವು ಓದಿದ ಎಷ್ಟೋ ಹಾಳೆಗಳು ಮಲೆನಾಡಿನಿಂದಲೇ ಲಾರಿ ಹತ್ತಿ ಹೋದ ಮರ. ಇನ್ನು ಅಡಿಕೆ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಮಂಡಿಯಲ್ಲಿ ಜಾತಿ ವಿಂಗಡಿಸಿದ ಮೂಟೆಗಳು ತಾಡಪಾಲಿನ ಕೆಳಗೆ ಬೆಚ್ಚಗೆ ಮಲಗಿ ಉತ್ತರದ ಊರುಗಳಿಗೆ ದಿನಗಟ್ಟಲೆ ಪ್ರಯಾಣ ಮಾಡುತ್ತವೆ. ಜೊತೆಗೆ ಸಿಮೆಂಟು, ಕಬ್ಬಿಣ, ಜಂಬಿಟ್ಟಿಗೆ ಕಲ್ಲು, ಹೆಂಚು, ಮರಳು, ಗೊಬ್ಬರ. ಮಳೆಗಾಲ ಕಳೆದು ಮೇಳಗಳು ಹೊರಟರೆ ಯಕ್ಷಗಾನದ ರಂಗಸ್ಥಳದ ಸಾಮಾನೂ ಲಾರಿಯಲ್ಲೇ ಊರೂರು ತಿರುಗುತ್ತದೆ. ಅಂದರೆ ಈ ಸೀಮೆಯ ಕಾಡು, ತೋಟ, ಮನೆ, ಆಟ ಎಲ್ಲವೂ ಒಂದಲ್ಲ ಒಂದು ದಿನ ಲಾರಿ ಹತ್ತಿ ಇಳಿದಿವೆ.

ಹೊತ್ತ ದಾರಿ ಎಂಥದು ಎನ್ನುವುದನ್ನೂ ಹೇಳಬೇಕು. ಘಟ್ಟ ಇಳಿಯಲು ತೀರ್ಥಹಳ್ಳಿ ಕಡೆಯವರಿಗೆ ಹತ್ತಿರದ್ದು ಆಗುಂಬೆ. ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆ ಘಾಟಿಯಲ್ಲಿ ಭಾರಿ ವಾಹನಗಳಿಗೆ ಪ್ರವೇಶವಿಲ್ಲ. ಹಾಗಾಗಿ ಲೋಡು ಲಾರಿಗಳು ಹೊಸನಗರ ತಾಲೂಕಿನ ಮಾಸ್ತಿಕಟ್ಟೆ, ಹುಲಿಕಲ್ಲಿನ ಮೂಲಕ ಬಾಳೆಬರೆ ಘಾಟಿ ಹಿಡಿಯುತ್ತವೆ. ಹುಲಿಕಲ್ಲು ನಾಡಿನ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲೊಂದು. ಮಳೆಗಾಲದಲ್ಲಿ ದರೆ ಕುಸಿದು ಆ ದಾರಿಯೂ ಆಗಾಗ ಮುಚ್ಚುತ್ತದೆ. ಘಾಟಿಯ ಚಂಡಿಕಾಂಬೆಯ ಮುಂದೆ ನಿಲ್ಲಿಸಿ, ಕೈ ಮುಗಿದು, ಕಾಣಿಕೆ ಹಾಕಿ ಹೋಗದ ಚಾಲಕರು ಕಡಿಮೆ. ದೂರದಿಂದ ನೋಡುವವರಿಗೆ ಅದು ಬರೀ ಭಕ್ತಿ. ಆದರೆ ಅದೇ ಜಾಗದಲ್ಲಿ ಗಾಡಿ ನಿಂತಾಗ ಕ್ಲೀನರ್ ಇಳಿದು ಟೈರು ತಟ್ಟಿ ನೋಡುತ್ತಾನೆ, ಹಗ್ಗ ಸಡಿಲವಾಗಿದೆಯೇ ಎಂದು ಎಳೆದು ನೋಡುತ್ತಾನೆ. ದೇವರ ಹೆಸರಿನಲ್ಲಿ ನಿಂತ ಆ ಎರಡು ನಿಮಿಷ ಗಾಡಿಯ ತಪಾಸಣೆಯೂ ಹೌದು.

ಪ್ರಪಂಚದಲ್ಲಿ ಕಷ್ಟದ ದಾರಿಗೆಂದೇ ಲಾರಿ ಕಟ್ಟುವ ದೇಶವೆಂದರೆ ಆಸ್ಟ್ರೇಲಿಯ. ಅಲ್ಲಿನ ಒಳನಾಡಿನ ಒಣ ಬಯಲಿನಲ್ಲಿ ಒಂದೇ ಎಂಜಿನ್ ಮೂರು ನಾಲ್ಕು ಟ್ರೇಲರ್‌ಗಳನ್ನು ಎಳೆಯುವ ‘ರೋಡ್ ಟ್ರೇನ್’ಗಳು ಓಡುತ್ತವೆ. ಕೆಲವು 53.5 ಮೀಟರ್‌ವರೆಗೆ ಉದ್ದ, ಭಾರ ನೂರು ಟನ್ನಿಗೂ ಮೀರಿ. ಮುಂದುಗಡೆ ಕಾಂಗರೂ, ದನ ಬಡಿದರೂ ರೇಡಿಯೇಟರ್ ಒಡೆಯದಂತೆ ದಪ್ಪ ಕಬ್ಬಿಣದ ಅಡ್ಡಪಟ್ಟಿ; ಹಿಂದೆ ಚಾಲಕ ಮಲಗಲು ಕೋಣೆ. ಅಲ್ಲಿನ ವೈರಿ ದೂರ, ಧೂಳು, ಬಿಸಿಲು. ನಮ್ಮಲ್ಲಿನ ವೈರಿ ಬೇರೆ: ತಿರುವು, ಇಳಿಜಾರು, ನೀರು. ಆಸ್ಟ್ರೇಲಿಯದ ಆ ರೈಲುಲಾರಿಯನ್ನು ಬಾಳೆಬರೆಗೆ ತಂದರೆ ಮೊದಲ ತಿರುವಿನಲ್ಲೇ ಸಿಕ್ಕಿಬೀಳುತ್ತದೆ. ಉದ್ದದ ಗಾಡಿ ತಿರುಗುವಾಗ ಹಿಂದಿನ ಗಾಲಿಗಳು ಮುಂದಿನ ಗಾಲಿಯ ಜಾಡಿನಲ್ಲಿ ಬರುವುದಿಲ್ಲ, ಒಳಕ್ಕೆ ಕತ್ತರಿಸಿಕೊಂಡು ಬರುತ್ತವೆ. ಹೇರ್‌ಪಿನ್ನಿನಲ್ಲಿ ಒಳಗೆ ಇರುವುದು ದರೆ, ಹೊರಗೆ ಪ್ರಪಾತ.

ಆದ್ದರಿಂದ ಮಲೆನಾಡಿನ ಲಾರಿ ಕಾರ್ಖಾನೆಯಲ್ಲಿ ಅರ್ಧ ತಯಾರಾಗುತ್ತದೆ, ಇನ್ನರ್ಧ ಚಾಲಕನ ಕೈಯಲ್ಲಿ ತಯಾರಾಗುತ್ತದೆ ಎಂದು ನನಗನ್ನಿಸುತ್ತದೆ. ಹತ್ತುವ ಗೇರಿನಲ್ಲೇ ಇಳಿಯಬೇಕು ಎನ್ನುವುದು ಘಾಟಿಯ ಮೊದಲ ಪಾಠ. ಬ್ರೇಕನ್ನೇ ನೆಚ್ಚಿ ಇಳಿದರೆ ಡ್ರಮ್ ಕಾದು, ಒತ್ತಿದರೂ ಹಿಡಿಯದ ಸ್ಥಿತಿ ಬರುತ್ತದೆ. ಎಂಜಿನ್ನೇ ಗಾಡಿಯನ್ನು ತಡೆದು ಹಿಡಿಯುವಂತೆ ಕೆಳಗಿನ ಗೇರಿನಲ್ಲಿ ಇಟ್ಟುಕೊಳ್ಳಬೇಕು. ಏರಿನಲ್ಲಿ ಗಾಡಿ ನಿಂತರೆ ಕ್ಲೀನರ್ ಹಾರಿ ಇಳಿದು ಹಿಂದಿನ ಗಾಲಿಗೆ ಕಲ್ಲು ಕೊಡಬೇಕು. ಅದಕ್ಕಿರುವ ಸಮಯ ಒಂದೆರಡು ಉಸಿರು. ಕಾಡಿನ ಕೂಪಿನಿಂದ ನಾಟಾ ತರುವಾಗ ಕೆಸರಿಗೆ ಗಾಲಿಗೆ ಸರಪಳಿ ಸುತ್ತಬೇಕು. ಒದ್ದೆ ದಿಮ್ಮಿಯ ಭಾರ ಬೇರೆ, ಒಣ ದಿಮ್ಮಿಯ ಭಾರ ಬೇರೆ. ಎತ್ತರದ ಲೋಡು ತಿರುವಿನಲ್ಲಿ ಯಾವ ಕಡೆ ವಾಲುತ್ತದೆ ಎಂದು ಬೆನ್ನಿನಲ್ಲೇ ತಿಳಿಯಬೇಕು. ಇದೆಲ್ಲ ಒಂದು ವಿದ್ಯೆ. ಗದ್ದೆಯ ನಾಟಿ, ಅಡಿಕೆಯ ಕೊನೆ ಕೊಯ್ಯುವುದು, ಕಾಡಿನಲ್ಲಿ ಬೇಟೆಯ ಜಾಡು ಹಿಡಿಯುವುದು ಇವುಗಳ ಬಗ್ಗೆ ನಮ್ಮ ಕಾದಂಬರಿಗಳು ಪುಟಗಟ್ಟಲೆ ಪ್ರೀತಿಯಿಂದ ಬರೆದಿವೆ. ಅದೇ ತೂಕದ ಈ ವಿದ್ಯೆಗೆ ಒಂದು ಅಧ್ಯಾಯ ಸಿಗಲಿಲ್ಲ.

ಕಾರಣ ಹುಡುಕಲು ನಾನು ಹಿಂದಕ್ಕೆ, ಎತ್ತಿನ ಗಾಡಿಗೆ ಹೋಗುತ್ತೇನೆ. ‘ಕಾನೂರು ಹೆಗ್ಗಡಿತಿ’ (1936) ಶುರುವಾಗುವುದೇ ಪ್ರಯಾಣದಿಂದ. ಮೈಸೂರಿನಲ್ಲಿ ಓದುವ ಹೂವಯ್ಯ, ರಾಮಯ್ಯ ರಜೆಗೆ ಊರಿಗೆ ಬರುತ್ತಾರೆ, ದಾರಿಯಲ್ಲಿ ಗಾಡಿ ಉರುಳಿ ಹೂವಯ್ಯನ ಬೆನ್ನಿಗೆ ಪೆಟ್ಟಾಗುತ್ತದೆ, ಅವನನ್ನು ಮುತ್ತಳ್ಳಿಗೆ ಒಯ್ಯುತ್ತಾರೆ, ಅಲ್ಲಿ ಸೀತೆಯಿದ್ದಾಳೆ. ಒಂದು ಗಾಡಿ ಉರುಳಿದ್ದರಿಂದ ಒಂದು ಮಹಾಕಾದಂಬರಿಯ ಕಥೆ ಒಂದು ದಿಕ್ಕಿಗೆ ಹೊರಳುತ್ತದೆ. ವಾಹನದ ಅಪಘಾತ ಇಲ್ಲಿ ಸಾಹಿತ್ಯಕ್ಕೆ ಮುಖ್ಯವಾಯಿತು, ಯಾಕೆಂದರೆ ಪೆಟ್ಟಾದದ್ದು ಮನೆಯ ಮಗನಿಗೆ. ಗಾಡಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ವಾಹನ. ಅದು ಮನೆಯ ಚಾವಡಿಯೇ ಗಾಲಿ ಕಟ್ಟಿಕೊಂಡು ಹೊರಟಂತೆ. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲೂ (1965) ಅಲೆದು ಬಂದ ಪ್ರಾಣೇಶಾಚಾರ್ಯರು ಕಡೆಗೆ ಹತ್ತುವುದು ಅಗ್ರಹಾರದ ಕಡೆಗೆ ಹೊರಟ ಗಾಡಿಯನ್ನು.

ಮಲೆನಾಡಿನ ಕಾದಂಬರಿಗೆ ಮನೆಯೇ ಕಣ್ಣು. ಕುವೆಂಪು ಅವರ ಪಾತ್ರಗಳನ್ನು ನೆನೆಯಿರಿ: ಹಳೆಮನೆ ಸುಬ್ಬಣ್ಣ ಹೆಗ್ಗಡೆ, ಕೋಣೂರು ಮುಕುಂದಯ್ಯ, ಹೂವಳ್ಳಿ ಚಿನ್ನಮ್ಮ. ಹೆಸರಿನ ಮುಂದೆ ಮನೆ ನಿಂತಿದೆ. ಕಥೆ ಜಗಲಿಯಲ್ಲಿ ಕೂತು ಅಂಗಳ ನೋಡುತ್ತದೆ. ಅಂಗಳದಾಚೆ ಗದ್ದೆ, ತೋಟ, ಅದರಾಚೆ ಕಾಡು. ಆ ನೋಟದಲ್ಲಿ ರಸ್ತೆ ಎನ್ನುವುದು ಯಾರೋ ಬರುವ ಜಾಗ, ಯಾರೋ ಹೋಗುವ ಜಾಗ. ಲಾರಿ ಚಾಲಕನ ಹೆಸರಿನ ಮುಂದೆ ಮನೆಯಿಲ್ಲ. ಹೆಸರಿರುವುದು ಗಾಡಿಗೆ. ಅವನು ಕರಾವಳಿಯವನಿರಬಹುದು, ಕೇರಳದವನಿರಬಹುದು, ತಮಿಳುನಾಡಿನವನಿರಬಹುದು, ಶಿವಮೊಗ್ಗದ ಯಾವುದೋ ಕೇರಿಯವನಿರಬಹುದು. ಜಗಲಿಗೆ ಅವನು ಹತ್ತುವುದಿಲ್ಲ. ಅಂಗಳದಂಚಿನಲ್ಲಿ ಲೋಡು ಇಳಿಸಿ, ಬಾಡಿಗೆ ಎಣಿಸಿಕೊಂಡು ಹೊರಡುತ್ತಾನೆ. ಹೀಗೆ ಹೊರಟವನನ್ನು ಕಥೆ ಹಿಂಬಾಲಿಸಲಿಲ್ಲ.

ಇದು ಕುವೆಂಪು ಅವರ ಮೇಲಿನ ದೂರಲ್ಲ. ಅವರ ಕಥೆಯ ಕಾಲ ಲಾರಿಯ ಕಾಲವಲ್ಲ. ನಿಜ ಹೇಳಬೇಕೆಂದರೆ ಲಾರಿ ಚಾಲಕನನ್ನು ಬರೆಯುವ ದಾರಿಯನ್ನು ತೋರಿಸಿಕೊಟ್ಟವರೇ ಅವರು. ನಾಯಿಗುತ್ತಿಯನ್ನು ನೋಡಿ. ಸಿಂಬಾವಿಯ ಜೀತದಾಳು, ಜಾತಿಯಲ್ಲಿ ಕಟ್ಟಕಡೆಯವನು, ಸ್ವಂತದ್ದೆಂದು ಇರುವುದು ಹುಲಿಯ ಎಂಬ ನಾಯಿ. ಕಾದಂಬರಿಯ ಉದ್ದಕ್ಕೂ ಅವನು ನಡೆಯುತ್ತಾನೆ, ಏರುತ್ತಾನೆ, ಇಳಿಯುತ್ತಾನೆ, ತಿಮ್ಮಿಯನ್ನು ಹಾರಿಸಿಕೊಂಡು ಹೋಗುತ್ತಾನೆ, ತುಂಬಿದ ಹೊಳೆ ದಾಟುತ್ತಾನೆ. ಗೌಡರಿಗೆ, ಹೆಗ್ಗಡೆಯವರಿಗೆ ಎಷ್ಟು ಒಳಮನಸ್ಸು ಇದೆಯೋ ಅಷ್ಟೇ ಅವನಿಗೂ ಇದೆ. ಅವನ ಹಸಿವು, ಅವನ ಭಯ, ಅವನ ಸುಳ್ಳು, ಅವನ ನಾಯಿಪ್ರೀತಿ ಎಲ್ಲವನ್ನೂ ಕಾದಂಬರಿ ಗಂಭೀರವಾಗಿ ತೆಗೆದುಕೊಳ್ಳುತ್ತದೆ. ಮನೆಯಿಲ್ಲದವನ ದಾರಿಯೂ ಕಥೆಯ ಹೆದ್ದಾರಿಯಾಗಬಹುದು ಎಂದು ಕನ್ನಡಕ್ಕೆ ಹೀಗೆ ಗೊತ್ತಾಗಿತ್ತು. ಗುತ್ತಿಯ ಮೊಮ್ಮಕ್ಕಳು ಕೂಲಿಗೆ, ಕ್ಲೀನರ್ ಕೆಲಸಕ್ಕೆ, ಆಮೇಲೆ ಸ್ಟೇರಿಂಗಿಗೆ ಬಂದ ಹೊತ್ತಿಗೆ ನಮ್ಮ ಕಾದಂಬರಿಗೆ ಆ ನಡಿಗೆ ಮರೆತುಹೋಗಿತ್ತು. ನನ್ನ ತಕರಾರು ಇರುವುದು ಅಲ್ಲಿ.

ಇಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಹೆಸರು ಬರಲೇಬೇಕು. ಅವರು ಕಥೆಯನ್ನು ಜಗಲಿಯಿಂದ ಎಬ್ಬಿಸಿ ರಸ್ತೆಗೆ ತಂದರು. ‘ಜುಗಾರಿ ಕ್ರಾಸ್’ (1994) ಎಂಬ ಹೆಸರೇ ಒಂದು ಮನೆಯದಲ್ಲ, ಊರಿನದೂ ಅಲ್ಲ, ಕಾಡಿನ ನಡುವಿನ ಒಂದು ಕೂಡುರಸ್ತೆಯದು. ಏಲಕ್ಕಿ ಮಾರಲು ಹೊರಟ ಸುರೇಶ, ಗೌರಿ ತಮಗೆ ಗೊತ್ತೇ ಇಲ್ಲದ ಒಂದು ಜಾಲದೊಳಗೆ ಕಾಲಿಡುತ್ತಾರೆ. ಕಾಡಿನ ಸರಕು ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ, ಹಣ ಯಾವ ದಾರಿಯಲ್ಲಿ ಓಡುತ್ತದೆ ಎಂಬುದೇ ಅಲ್ಲಿನ ಕುತೂಹಲ. ಮಲೆನಾಡು ಮುಚ್ಚಿದ ಲೋಕವಲ್ಲ, ಸಾಗಣೆಯ ಲೋಕ ಎಂದು ಅಷ್ಟು ಸ್ಪಷ್ಟವಾಗಿ ಹೇಳಿದ ಕಾದಂಬರಿ ಕನ್ನಡದಲ್ಲಿ ಇನ್ನೊಂದಿಲ್ಲ. ಆದರೆ ತೇಜಸ್ವಿಯವರಿಗೆ ಆಸಕ್ತಿ ಇದ್ದದ್ದು ಜಾಲದಲ್ಲಿ. ಜಾಲದ ಒಂದು ಗಂಟಾಗಿ ವಾಹನ ಬರುತ್ತದೆ, ಓಡಿಸುವವನು ಬರುತ್ತಾನೆ. ರಾತ್ರಿ ಎರಡು ಗಂಟೆಗೆ ತಿರುವಿನಲ್ಲಿ ಒಬ್ಬನೇ ಇರುವ ಮನುಷ್ಯನಾಗಿ ಅವನು ಬರುವುದಿಲ್ಲ. ಅವರ ನಂತರ ಬಂದವರು ಅವರಿಂದ ಕಾಡನ್ನು ಕಲಿತರು, ಹಕ್ಕಿ ಕಲಿತರು, ಹಾಸ್ಯ ಕಲಿತರು. ರಸ್ತೆಯನ್ನು ಕಲಿತವರು ಕಡಿಮೆ.

ಈ ಕೊರತೆ ಬರೀ ಪಾತ್ರಪಟ್ಟಿಯ ಕೊರತೆಯಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಅದರ ನಿಜವಾದ ಬೆಲೆ ಗೊತ್ತಾಗುವುದು ಶರಾವತಿಯ ದಂಡೆಗೆ ಬಂದಾಗ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಸುಮಾರು 2.7 ಕಿಲೋಮೀಟರ್ ಉದ್ದದ ಆ ಕಟ್ಟೆಗೆ, 1035 ಮೆಗಾವಾಟ್‌ನ ವಿದ್ಯುದಾಗಾರಕ್ಕೆ ಬೇಕಾದ ಕಲ್ಲು, ಕಬ್ಬಿಣ, ಯಂತ್ರಗಳನ್ನು ಕಾರ್ಗಲ್ಲಿನ ಕಾಡಿಗೆ ಹೊತ್ತು ತಂದ ದಾರಿ ಒಂದು. ಇನ್ನೊಂದು ದಾರಿ ಅದಕ್ಕೆ ಎದುರು. ಸಾಗರ, ಹೊಸನಗರ ತಾಲೂಕುಗಳ ಮುಳುಗಡೆ ಊರುಗಳ ಜನ ಮನೆ ಬಿಚ್ಚಿ, ತೊಲೆ, ಬಾಗಿಲು, ಹೆಂಚು, ದನಕರು, ಪಾತ್ರೆಪಗಡಿಗಳೊಂದಿಗೆ ಹೊರಟ ದಾರಿ. ಆ ಕುಟುಂಬಗಳ ಹಿರಿಯರು ಇವತ್ತಿಗೂ ಹೇಳುವುದು ಒಂದೇ ಮಾತು: ಲಾರಿಗೆ ತುಂಬಿಕೊಂಡು ಬಂದು ಕಾಡಿನಲ್ಲಿ ಇಳಿಸಿ ಹೋದರು. ಆ ಇಳಿಸಿದ ಜಾಗಗಳ ಹಕ್ಕುಪತ್ರದ ಪ್ರಶ್ನೆ ಅರವತ್ತು ವರ್ಷ ಕಳೆದರೂ ಮುಗಿದಿಲ್ಲ.

ಈ ದುರಂತವನ್ನು ಕನ್ನಡಕ್ಕೆ ಕಟ್ಟಿಕೊಟ್ಟವರು ಸಾಗರದ ನಾ. ಡಿಸೋಜ. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯನ್ನು ಹತ್ತಿರದಿಂದ ಕಂಡ ಅವರು ‘ಮುಳುಗಡೆ’, ‘ದ್ವೀಪ’ ಬರೆಯದಿದ್ದರೆ ಆ ನೀರಿನ ಕೆಳಗೆ ಊರುಗಳಿದ್ದವು ಎಂಬುದು ಹೊರಗಿನವರಿಗೆ ಒಂದು ಅಂಕಿಅಂಶವಾಗಿ ಉಳಿಯುತ್ತಿತ್ತು. ‘ದ್ವೀಪ’ದಲ್ಲಿ ಗಣಪಯ್ಯ, ನಾಗವೇಣಿ ಏರುವ ನೀರಿನ ನಡುವೆ ಗುಡ್ಡದ ಮೇಲೆ ಉಳಿಯುತ್ತಾರೆ. ತೀರ್ಥಹಳ್ಳಿ ತಾಲೂಕಿನವರೇ ಆದ ಗಿರೀಶ್ ಕಾಸರವಳ್ಳಿ ಅದನ್ನು ಸಿನಿಮಾ ಮಾಡಿದಾಗ ಅದು ಇನ್ನಷ್ಟು ಜನರ ಕಣ್ಣಲ್ಲಿ ನಿಂತಿತು. ಮುಳುಗುವುದನ್ನು ಬರೆಯಲು ಹೋಗದೆ ಉಳಿದವರನ್ನು ಆರಿಸಿಕೊಂಡದ್ದು ಸರಿಯಾದ ಕಲಾತ್ಮಕ ಆಯ್ಕೆ. ಮನೆಯ ಪ್ರೀತಿ ಅಲ್ಲಿ ಅತ್ಯಂತ ತೀವ್ರವಾಗಿ ಕಾಣುತ್ತದೆ. ಆದರೆ ಈ ಕಥೆ ನಮ್ಮ ಮನಸ್ಸಿನಲ್ಲಿ ಎಷ್ಟು ಗಟ್ಟಿಯಾಗಿ ಕೂತಿತೆಂದರೆ ಮುಳುಗಡೆ ಎಂದ ಕೂಡಲೇ ನಮಗೆ ಕಾಣುವುದು ನೀರು, ದೋಣಿ, ದ್ವೀಪ. ಲಾರಿ ಕಾಣುವುದಿಲ್ಲ. ಉಳಿದವರು ಪುಟದಲ್ಲಿ ಉಳಿದರು. ಹೋದವರು ಊರಿನಿಂದ ಹೋದಂತೆ ಪುಟದಿಂದಲೂ ಹೋದರು. ಬಹುಪಾಲು ಜನ ಹೋದವರೇ. ನೀರು ಒಂದು ವಿಧಿಯಂತೆ ಕಾಣುತ್ತದೆ, ಅದರ ಮುಂದೆ ಮನುಷ್ಯ ಅಸಹಾಯಕ ಎನ್ನಿಸುತ್ತದೆ. ಲಾರಿ ಹಾಗಲ್ಲ. ಅದಕ್ಕೆ ಆದೇಶ ಕೊಟ್ಟವರಿದ್ದಾರೆ, ಬಾಡಿಗೆ ಕೊಟ್ಟವರಿದ್ದಾರೆ, ಎಲ್ಲಿ ಇಳಿಸಬೇಕು ಎಂದು ಬೆರಳು ತೋರಿಸಿದವರಿದ್ದಾರೆ. ಲಾರಿ ಕಥೆಯೊಳಗೆ ಬಂದರೆ ವಿಧಿ ಹಿಂದೆ ಸರಿದು ತೀರ್ಮಾನ ತೆಗೆದುಕೊಂಡವರು ಮುಂದೆ ಬರುತ್ತಾರೆ.

ಆ ಲಾರಿಗಳನ್ನು ಓಡಿಸಿದವನಿಗೂ ಒಂದು ಕಥೆ ಇತ್ತಲ್ಲ? ತಾನು ಕಟ್ಟೆಗೆ ಕಲ್ಲು ತಂದವನು, ಅದೇ ಕಟ್ಟೆಯಿಂದ ಮುಳುಗಿದ ಮನೆಯ ಬಾಗಿಲನ್ನೂ ಹೊತ್ತವನು. ಅವನಿಗೆ ಎರಡೂ ಬಾಡಿಗೆಯೇ. ಅವನ ಮನಸ್ಸಿನಲ್ಲಿ ಏನು ನಡೆಯಿತು ಎನ್ನುವುದನ್ನು ಬರೆಯಬಲ್ಲ ಕಾದಂಬರಿ ಅಭಿವೃದ್ಧಿಯ ಪರವಾಗಿಯೂ ಇರಲಾರದು, ಸುಮ್ಮನೆ ಹಳೆಯ ಊರಿನ ನೆನಪಿನಲ್ಲಿ ಅಳುವುದೂ ಆಗಲಾರದು.

ಒಂದು ಆಕ್ಷೇಪ ಬರಬಹುದು. ಬರೆದದ್ದನ್ನು ಓದಬೇಕು, ಬರೆಯದ್ದನ್ನು ಕೇಳುವುದು ವಿಮರ್ಶೆಯಲ್ಲ ಎಂದು. ಒಂದೊಂದು ಕೃತಿಯ ಮಟ್ಟಿಗೆ ಇದು ಸರಿ. ಗಣಪಯ್ಯನ ಮನೆಗೆ ಲಾರಿ ಬರಲಿಲ್ಲ ಎಂದು ‘ದ್ವೀಪ’ವನ್ನು ದೂರಿದರೆ ನನ್ನ ಓದು ಹಾಳಾಯಿತೆಂದೇ ಅರ್ಥ. ಆದರೆ ಒಂದು ಸೀಮೆಯ ಸಾಹಿತ್ಯವನ್ನು ಮೂರು ತಲೆಮಾರಿನ ಉದ್ದಕ್ಕೆ ಇಟ್ಟು ನೋಡುವಾಗ, ಎಲ್ಲರೂ ಒಂದೇ ಕಡೆ ಕಣ್ಣು ಮುಚ್ಚಿದ್ದರೆ ಅದನ್ನು ಹೇಳುವುದು ವಿಮರ್ಶೆಯ ಕೆಲಸವೇ. ಇನ್ನೊಂದು ಆಕ್ಷೇಪ, ಲಾರಿಯ ಕಥೆ ಎಂದರೆ ಬರೀ ರೋಚಕತೆ, ಗಂಭೀರ ಸಾಹಿತ್ಯಕ್ಕೆ ಅದು ವಸ್ತುವಾಗದು ಎನ್ನುವುದು. ಫ್ರೆಂಚ್ ಲೇಖಕ ಜಾರ್ಜ್ ಆರ್ನೋ ಬರೆದ ಕಾದಂಬರಿಯಿಂದ ಹೆನ್ರಿ ಜಾರ್ಜ್ ಕ್ಲೂಜೋ 1953ರಲ್ಲಿ ಮಾಡಿದ ‘ದಿ ವೇಜಸ್ ಆಫ್ ಫಿಯರ್’ ಸಿನಿಮಾದಲ್ಲಿ ಇರುವುದು ಎರಡು ಲಾರಿ, ನಾಲ್ಕು ಜನ, ಅಲುಗಿದರೆ ಸಿಡಿಯುವ ನೈಟ್ರೋಗ್ಲಿಸರಿನ್. ರಸ್ತೆಯ ಒಂದೊಂದು ಗುಂಡಿಯೂ ಅಲ್ಲಿ ಬಡವನ ಜೀವದ ಬೆಲೆ ಎಷ್ಟು ಎಂದು ಕೇಳುತ್ತದೆ. ಆಸ್ಟ್ರೇಲಿಯದಲ್ಲಿ ಜಾಯ್ ಮೆಕೀನ್ ಬರೆದು ಸ್ಲಿಮ್ ಡಸ್ಟಿ ಹಾಡಿದ ‘ಲೈಟ್ಸ್ ಆನ್ ದ ಹಿಲ್’ ಮಳೆಯ ರಾತ್ರಿಯಲ್ಲಿ ಲೋಡು ಹೊತ್ತು ಹೋಗುವ ಚಾಲಕನ ದನಿಯಲ್ಲೇ ಇದೆ. ಅಲ್ಲಿನ ಜನಪ್ರಿಯ ಸಂಗೀತದಲ್ಲಿ ಲಾರಿ ಚಾಲಕನ ಹಾಡು ಎಂಬುದೇ ಒಂದು ಪರಂಪರೆ. ಆ ದೇಶ ತನ್ನ ಕಠಿಣ ದಾರಿಗೆ ಲಾರಿಯನ್ನೂ ಕಟ್ಟಿತು, ಹಾಡನ್ನೂ ಕಟ್ಟಿತು.

ನಮ್ಮಲ್ಲಿ ಹಾಡು ಇಲ್ಲದಿದ್ದರೂ ಬರಹವಂತೂ ಇದೆ. ಅದು ಲಾರಿಯ ಮೈಮೇಲೇ ಇದೆ. ಸಾಗರದ ರಸ್ತೆಯಲ್ಲಿ ನಿಂತು ನೋಡಿದರೆ ಒಂದು ಕ್ರಮ ಗೊತ್ತಾಗುತ್ತದೆ. ಕ್ಯಾಬಿನ್ನಿನ ನೆತ್ತಿಯ ಮೇಲೆ ದೇವರ ಹೆಸರು: ಸಿಗಂದೂರು ಚೌಡೇಶ್ವರಿ, ಧರ್ಮಸ್ಥಳದ ಮಂಜುನಾಥ, ಹುಲಿಕಲ್ಲಿನ ಚಂಡಿಕಾಂಬೆ, ಅಥವಾ ಮಸೀದಿಯ ಚಿತ್ರ, ಶಿಲುಬೆ. ಅದರ ಕೆಳಗೆ, ಗಾಜಿನ ಅಂಚಿಗೆ ಮಕ್ಕಳ ಹೆಸರು. ಬಾಗಿಲ ಮೇಲೆ ಪರ್ಮಿಟ್ಟಿನ ಅಕ್ಷರ, ಸರ್ಕಾರಕ್ಕೆ. ಹಿಂದಿನ ಹಲಗೆಯ ಮೇಲೆ ತಾಯಿತಂದೆಯ ಆಶೀರ್ವಾದ, ಜೊತೆಗೆ ಹಿಂದೆ ಬರುವ ಅಪರಿಚಿತನಿಗೆ ಒಂದು ಬುದ್ಧಿಮಾತು, ಒಂದು ತಮಾಷೆ, ಅಂತರ ಕಾಯ್ದುಕೊ ಎಂಬ ಎಚ್ಚರಿಕೆ. ಎದುರಿಗೆ ಸಿಕ್ಕವರಿಗೆ ತಾನು ಯಾರ ಕಾಪಿನಲ್ಲಿದ್ದೇನೆ ಎಂದು ಹೇಳುತ್ತಾನೆ. ಹಿಂದೆ ಬರುವವರಿಗೆ ತನ್ನಿಂದ ಏನು ಕಲಿಯಬೇಕು ಎಂದು ಹೇಳುತ್ತಾನೆ. ಮನೆಯ ಹೆಸರು ಮುಂದಿಲ್ಲದವನು ತನ್ನ ಮನೆಯನ್ನೇ ಗಾಡಿಯ ಸುತ್ತ ಬರೆಸಿಕೊಂಡಿದ್ದಾನೆ. ಜಾನಪದವನ್ನು ಸಂಗ್ರಹಿಸುವ ವಿದ್ಯಾರ್ಥಿಗಳು ಗಾದೆ, ಒಗಟುಗಳಿಗೆ ಹಳ್ಳಿಗೆ ಹೋಗುವಂತೆ ಒಂದು ದಿನ ಲಾರಿ ನಿಲ್ಲುವ ಅಡ್ಡೆಗೂ ಹೋಗಬೇಕು. ಬರಹವನ್ನಷ್ಟೇ ಬರೆದುಕೊಂಡು ಬರಬಾರದು. ಅದನ್ನು ಬರೆಸಿದವರು ಯಾರು, ಬಣ್ಣದ ಅಂಗಡಿಯವನು ಕೊಟ್ಟ ಮಾತೆಷ್ಟು, ಚಾಲಕ ಹೇಳಿ ಬರೆಸಿದ್ದೆಷ್ಟು ಎಂದು ಕೇಳಿಕೊಂಡು ಬರಬೇಕು. ಕೇಳುತ್ತಾ ಕೂತರೆ ಕಥೆಗಳು ತಾವಾಗಿ ಬರುತ್ತವೆ.

ಹಾಗೆ ಬರೆಯುವವರಿಗೆ ಒಂದು ಮಾತು ಮುಂಚೆಯೇ ಹೇಳಬೇಕೆನ್ನಿಸುತ್ತದೆ. ಚಾಲಕನನ್ನು ವೀರನನ್ನಾಗಿ ಮಾಡುವುದು ಸುಲಭ, ಪಾಪದವನನ್ನಾಗಿ ಮಾಡುವುದು ಇನ್ನೂ ಸುಲಭ. ಕಳ್ಳನಾಟಾ ಹೊತ್ತವನೂ ಅವನೇ, ಅಪಘಾತದಲ್ಲಿ ಬಿದ್ದ ಅಪರಿಚಿತನನ್ನು ಆಸ್ಪತ್ರೆಗೆ ಒಯ್ದವನೂ ಅವನೇ ಇರಬಹುದು. ಗುತ್ತಿಯನ್ನು ಬರೆಯುವಾಗ ಕುವೆಂಪು ಅವನನ್ನು ತೊಳೆದು ಶುಭ್ರ ಮಾಡಲಿಲ್ಲ, ಕರುಣೆಯ ವಸ್ತುವನ್ನಾಗಿಯೂ ಮಾಡಲಿಲ್ಲ. ಆ ಅಳತೆಗೋಲು ನಮ್ಮ ಹತ್ತಿರ ಇದೆ, ಹೊಸದನ್ನು ಹುಡುಕಬೇಕಾಗಿಲ್ಲ.

ಕಾಲವೂ ಕಾಯುವುದಿಲ್ಲ. 2025ರ ಜುಲೈ 14ರಂದು ಶರಾವತಿಯ ಹಿನ್ನೀರಿನ ಮೇಲೆ ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ತೆರೆಯಿತು. ಸುಮಾರು 2.4 ಕಿಲೋಮೀಟರ್ ಉದ್ದದ ಆ ಸೇತುವೆ ಬರುವವರೆಗೆ ಸಿಗಂದೂರು ಕಡೆಯ ಜನಕ್ಕೆ ಲಾಂಚೇ ಗತಿ. ವಾಹನಗಳೂ ಸರದಿಯಲ್ಲಿ ಕಾದು ಅದರ ಮೇಲೇ ದಾಟಬೇಕಿತ್ತು. ಲಾಂಚಿನ ಬಗ್ಗೆ ಈಗಾಗಲೇ ನೆನಪಿನ ಬರಹಗಳು ಶುರುವಾಗಿವೆ, ಇನ್ನೂ ಬರುತ್ತವೆ. ನೀರಿನ ಕಥೆಗೆ ನಾವು ಒಗ್ಗಿಕೊಂಡವರು. ಆದರೆ ಇನ್ನು ಮುಂದೆ ಆ ನೀರಿನ ಮೇಲೆ, ಮುಳುಗಿದ ಗದ್ದೆ, ತೋಟ, ಅಂಗಳಗಳ ಮೇಲೆ, ರಾತ್ರಿ ಹಗಲು ಲೋಡು ಲಾರಿಗಳು ಓಡುತ್ತವೆ. ಅವು ಏನು ಹೊತ್ತು ಬರುತ್ತವೆ, ಏನು ಹೊತ್ತು ಹೋಗುತ್ತವೆ, ಓಡಿಸುವವನಿಗೆ ಕೆಳಗೆ ಏನಿದೆ ಎಂದು ಗೊತ್ತಿದೆಯೇ ಎನ್ನುವುದನ್ನು ಬರೆಯುವವರು ಜಗಲಿಯಿಂದ ಇಳಿದು ಬರಬೇಕು, ಕ್ಯಾಬಿನ್ನಿನಲ್ಲಿ ಚಾಲಕನ ಪಕ್ಕ ಕೂರಬೇಕು.